ಬೆಂಚಿನ ಮೇಲೆ ಈಗ ಯಾರಿದ್ದಾರೆ?

ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನಲ್ಲ. ಇಪ್ಪತ್ತೊಂಬತ್ತು ತುಂಬಿದವಳು, ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂತು ದಿನಕ್ಕೆ ಇನ್ನೂರು ಜನರಿಗೆ ಸರದಿ ಹಂಚುವವಳು. ಮನೆಯ ಕೊನೆಯ ಮಗಳಾಗಿ ಹುಟ್ಟಿದ ತಪ್ಪಿಗೆ ಆ ಹೆಸರು ಅಂಟಿಕೊಂಡಿತ್ತು. ಅವಳಪ್ಪನ ಕ್ಷೌರದಂಗಡಿಗೆ ಬರುವ ಗಿರಾಕಿಗಳೂ ಅವಳನ್ನು ಹಾಗೇ ಕರೆಯುತ್ತಿದ್ದರು.

ಒಂದು ಶನಿವಾರ ಅವಳ ಅಮ್ಮನಿಗೆ ಮಂಡಿನೋವು ಜೋರಾಗಿ, ಅಪ್ಪನ ಊಟದ ಡಬ್ಬಿ ತಲುಪಿಸುವ ಕೆಲಸ ಪುಟ್ಟಿಯ ಪಾಲಿಗೆ ಬಂತು. ಅಂಗಡಿ ಇದ್ದದ್ದು ಇಸ್ತ್ರಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ. ಒಳಗೆ ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಅದರ ಎದುರಿಗೆ ಕೂತು ಕೂತು ನುಣ್ಣಗಾದ ಒಂದು ಉದ್ದನೆಯ ಮರದ ಬೆಂಚು. ಮೊದಲನೇ ಕುರ್ಚಿ ಅಪ್ಪನದು. ಎರಡನೆಯದರ ಹಿಂದೆ ನಿಲ್ಲುವವರು ಹದಿನೆಂಟು ವರ್ಷದಿಂದ ಅಪ್ಪನ ಜೊತೆಗಿರುವ ನಡುವಯಸ್ಸಿನ ಒಬ್ಬರು. ಅವರು ಬಾಯಿ ಬಿಟ್ಟದ್ದನ್ನು ಕಂಡವರು ಕಡಿಮೆಯಾದ್ದರಿಂದ ಎಲ್ಲರೂ ಅವರನ್ನು ಮೌನಿ ಎನ್ನುತ್ತಿದ್ದರು.

ಅವತ್ತು ಬೆಂಚಿನ ಮೇಲೆ ಒತ್ತಿಕೊಂಡು ಒಂಬತ್ತು ಜನ ಕೂತಿದ್ದರು. ಜಾಗ ಸಾಲದೆ ಇಬ್ಬರು ಬಾಗಿಲ ಚೌಕಟ್ಟಿಗೆ ಒರಗಿದ್ದರು.

"ಎಷ್ಟೊತ್ತಿಂದ ಕಾಯ್ತಿದೀರಿ?" ಎಂದು ಪುಟ್ಟಿ ಬೆಂಚಿನ ತುದಿಯಲ್ಲಿದ್ದ ಬಡಗಿಯನ್ನು ಕೇಳಿದಳು.

"ಈಗ್ಲೇ ಬಂದೆನಮ್ಮ," ಎಂದ ಬಡಗಿ. ಆಮೇಲೆ ಗೋಡೆ ಗಡಿಯಾರ ನೋಡಿ, "ಎರಡು ಗಂಟೆ ಆಗಿರ್ಬೇಕು," ಎಂದು ಸೇರಿಸಿದ.

ಕಣ್ಣಾಸ್ಪತ್ರೆಯಲ್ಲಿ ನಲವತ್ತು ನಿಮಿಷ ಕಾಯಿಸಿದರೆ ಜನ ಕೌಂಟರಿನ ಗಾಜು ಕುಟ್ಟುತ್ತಾರೆ. ಇಲ್ಲಿ ಎರಡು ಗಂಟೆ! ಪಾಪ, ಅಪ್ಪನ ಮುಖ ನೋಡಿ ಸುಮ್ಮನಿದ್ದಾರೆ, ಎಷ್ಟು ದಿನ ಅಂತ ಸುಮ್ಮನಿದ್ದಾರು ಎಂದುಕೊಂಡಳು ಪುಟ್ಟಿ. ಡಬ್ಬಿ ಇಟ್ಟು ಹೊರಡುವಷ್ಟರಲ್ಲಿ ಅವಳ ತಲೆಯಲ್ಲಿ ಉಪಾಯ ಸಿದ್ಧವಾಗಿತ್ತು.

ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಗೆಳತಿಯನ್ನು ಹಿಡಿದು, ತಿಂಗಳೊಳಗೆ ಒಂದು ಪುಟ್ಟ ಆ್ಯಪ್ ಮಾಡಿಸಿದಳು. ಗಿರಾಕಿ ಮನೆಯಲ್ಲೇ ಕೂತು ಫೋನಿನಲ್ಲಿ ಟೋಕನ್ ತೆಗೆದುಕೊಳ್ಳಬೇಕು. ಸರದಿ ಹತ್ತಿರ ಬಂದಾಗ ಫೋನೇ ಕೂಗಿ ಕರೆಯುತ್ತದೆ. ಅಂಗಡಿಯ ಗೋಡೆಗೂ ಒಂದು ಟ್ಯಾಬ್ ಬಂತು. ಅದನ್ನು ಕನ್ನಡಿಯ ಪಕ್ಕ ತಿರುಪು ಹಾಕಿ ಕೂರಿಸಿದವನು ಬಡಗಿಯೇ.

"ಕಾಯೋ ಪೀಡೆ ಇನ್ಮೇಲೆ ಇರಲ್ಲಪ್ಪಾ," ಎಂದಳು ಪುಟ್ಟಿ.

ಅಪ್ಪ ಕತ್ತರಿ ಒರೆಸುತ್ತಾ ಟ್ಯಾಬನ್ನು ಓರೆಗಣ್ಣಲ್ಲಿ ನೋಡಿದರು. "ಪೀಡೆ ಅಂತ ಯಾರು ಹೇಳಿದ್ರು?"

"ಹೇಳ್ಬೇಕಾ? ಕಾಣ್ಸುತ್ತಲ್ಲ."

ಕೊನೆಯ ಮಗಳು ಇಷ್ಟು ಉತ್ಸಾಹದಿಂದ ತಂದದ್ದನ್ನು ಬೇಡವೆನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. "ಆಯ್ತು, ಇರ್ಲಿ," ಎಂದರು. ಮೌನಿ "ಹೂಂ" ಎಂದರು.

ಮೊದಲ ವಾರ ಟೋಕನ್ ತೆಗೆದುಕೊಂಡವರು ಇಬ್ಬರೇ. ಅವರಲ್ಲಿ ಒಬ್ಬರು ಪುಟ್ಟಿಯ ಸೋದರಮಾವ, ಅದೂ ಅವಳ ಕಾಟ ತಾಳಲಾರದೆ. ಟೋಕನ್ ತೆಗೆದುಕೊಂಡ ಮಾವ ಮನೆಯಲ್ಲಿ ಕೂರದೆ ನೆಟ್ಟಗೆ ಬಂದು ಬೆಂಚಿನ ಮೇಲೆ ಕೂತರು. ಫೋನು ಕೂಗಿದಾಗ ಪಕ್ಕದವರನ್ನು, "ಇದ್ಯಾಕಪ್ಪ ಬಡ್ಕೊಳ್ತಿದೆ?" ಎಂದು ಕೇಳಿದರಂತೆ.

ಪುಟ್ಟಿ ಸುಲಭಕ್ಕೆ ಸೋಲೊಪ್ಪುವವಳಲ್ಲ. ಸಂಜೆ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದು ಒಬ್ಬೊಬ್ಬರನ್ನೇ ವಿಚಾರಿಸಿದಳು. ಒಬ್ಬರು ಅಕ್ಷರ ಇರುವೆಯ ಹಾಗಿದೆ ಎಂದರು, ಅಕ್ಷರ ದೊಡ್ಡದಾಯಿತು. ಇನ್ನೊಬ್ಬರು ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದರು, ಪಾಸ್‌ವರ್ಡೇ ಹೋಯಿತು. ಬೇಕರಿಯವರು "ನನ್ ಬೆರಳಲ್ಲಿ ಯಾವಾಗ್ಲೂ ಹಿಟ್ಟಿರುತ್ತೆ ಕಣಮ್ಮ, ಒತ್ತಿದ್ರೆ ಒತ್ಕೊಳ್ಳಲ್ಲ" ಎಂದರು. ಅವರಿಗೆ ಬಾಯಲ್ಲಿ ಹೇಳಿದರೂ ಸಾಕು ಎನ್ನುವ ಏರ್ಪಾಡಾಯಿತು. ಬಡಗಿ ಮಾತ್ರ ಬಲು ವಿನಯದಿಂದ, "ನಮ್ಗೆಲ್ಲಿ ಬರುತ್ತಮ್ಮ ಇವೆಲ್ಲ, ಉಳಿ ಸುತ್ತಿಗೆ ಹಿಡಿಯೋರು," ಎಂದ. ಹಾಗೆ ಹೇಳುವಾಗಲೇ ಅವನು ಇನ್ನೊಂದು ಕೈಯಲ್ಲಿ ಫೋನು ಹಿಡಿದು ದೂರದ ಯಾವುದೋ ಊರಿನ ಕಾರ್ಖಾನೆಯಿಂದ ಹಿತ್ತಾಳೆಯ ಬಾಗಿಲ ಕೀಲುಗಳನ್ನು ತರಿಸಿಕೊಳ್ಳುತ್ತಿದ್ದ. ಬಣ್ಣ ಆರಿಸಿ, ವಿಳಾಸ ತುಂಬಿ, ಹೋದ ಸಲ ಕಳಿಸಿದ್ದರಲ್ಲಿ ಒಂದು ಸಡಿಲವಿತ್ತು ಎಂದು ದೂರನ್ನೂ ಬರೆದ.

ಅದನ್ನು ಕಂಡ ಮೇಲೆ ಪುಟ್ಟಿಗೆ ಒಂದು ವಿಷಯ ಸ್ಪಷ್ಟವಾಯಿತು. ಇವರಿಗೆ ಬರುವುದಿಲ್ಲ ಎನ್ನುವುದು ಸುಳ್ಳು. ಬರುತ್ತದೆ, ಬೇಡ. ಆದರೆ ಯಾಕೆ ಬೇಡ? ಅದು ಅವಳಿಗೆ ಬಗೆಹರಿಯಲಿಲ್ಲ.

ಕಡೆಗೆ ಅವಳು ಮುಲಾಜಿನ ದಾರಿ ಹಿಡಿದಳು. ಶನಿವಾರ ಬೆಂಚಿನ ಮುಂದೆ ನಿಂತು ಕೈಮುಗಿದು, "ನಾಳೆ ಒಂದೇ ಒಂದು ದಿನ, ನನಗೋಸ್ಕರ. ಟೋಕನ್ ತಗೊಂಡು ಮನೇಲಿರಿ. ಫೋನ್ ಕೂಗಿದ್ಮೇಲೆ ಬನ್ನಿ. ಇಷ್ಟವಾಗ್ಲಿಲ್ಲ ಅಂದ್ರೆ ಇನ್ನು ಈ ಮಾತೇ ಎತ್ತಲ್ಲ," ಎಂದಳು. ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ ಹೆಣ್ಣುಮಗಳು ಕೈಮುಗಿದರೆ ಯಾರು ತಾನೇ ಇಲ್ಲ ಎನ್ನುತ್ತಾರೆ? ಎಲ್ಲರೂ ಒಪ್ಪಿದರು.

ಭಾನುವಾರ ಎಲ್ಲವೂ ಗಡಿಯಾರದ ಹಾಗೆ ನಡೆಯಿತು. ಒಬ್ಬರು ಬಂದರು, ಕುರ್ಚಿ ಹತ್ತಿದರು, ಇಳಿದರು, ಹೋದರು. ಇನ್ನೊಬ್ಬರು ಬಂದರು. ಬೆಂಚಿನ ಮೇಲೆ ಒಂದು ನೊಣ ಕೂಡ ಇರಲಿಲ್ಲ. ಪುಟ್ಟಿ ಟ್ಯಾಬಿನ ಪಕ್ಕ ನಿಂತು ಹೆಮ್ಮೆಯಿಂದ ನೋಡಿದಳು. ಹನ್ನೊಂದರ ಹೊತ್ತಿಗೆ ಅವಳಿಗೂ ಏನೋ ಇರಿಸುಮುರಿಸಾಗತೊಡಗಿತು. ಕತ್ತರಿಯ ಕಿಚಕಿಚ ಬಿಟ್ಟರೆ ಅಂಗಡಿಯಲ್ಲಿ ಸದ್ದೇ ಇರಲಿಲ್ಲ. ಅಪ್ಪ ಒಮ್ಮೆ ಅಭ್ಯಾಸಬಲದಿಂದ ಕನ್ನಡಿಯಲ್ಲಿ ಹಿಂದೆ ನೋಡಿ, "ಅಲ್ವೇನ್ರಪ್ಪಾ?" ಎಂದರು. ಹೌದೆನ್ನಲು ಅಲ್ಲಿ ಯಾರೂ ಇರಲಿಲ್ಲ. ಮೌನಿ ಕೂಡ ಎರಡು ಸಲ ಬೆಂಚಿನ ಕಡೆ ತಿರುಗಿ ನೋಡಿದರು.

ಭಾನುವಾರಗಳಲ್ಲಿ ಮೂರು ದಾಟಿದ ಮೇಲೆ ಮನೆಗೆ ಬರುವ ಅಪ್ಪ ಅವತ್ತು ಒಂದಕ್ಕೇ ಬಂದು ಊಟಕ್ಕೆ ಕೂತರು. ತಟ್ಟೆಯಲ್ಲಿ ಕೈಯಾಡಿಸಿದರೇ ಹೊರತು ತುತ್ತು ಎತ್ತಲಿಲ್ಲ.

"ಮೈಯಲ್ಲಿ ಹುಷಾರಿಲ್ವಾ?" ಎಂದು ಅಮ್ಮ ಕೇಳಿದರು.

"ಹುಷಾರಾಗೇ ಇದೀನಿ. ಹದಿನಾಲ್ಕು ತಲೆ ಆಯ್ತು ಇವತ್ತು." ಅಪ್ಪ ನೀರು ಕುಡಿದು ಲೋಟ ಕೆಳಗಿಟ್ಟರು. "ಒಬ್ಬ ಮನುಷ್ಯನ್ನೂ ನೋಡಿದ ಹಾಗಾಗ್ಲಿಲ್ಲ ನೋಡು."

ಮಗಳ ಮೇಲೆ ದೂರು ಹೇಳುವ ದನಿ ಅದಾಗಿರಲಿಲ್ಲ. ಅದಕ್ಕೇ ಪುಟ್ಟಿಗೆ ಚುರುಕ್ಕೆಂದಿತು. ಅವಳು ಎದ್ದು ಹೋಗಿ ಹಿತ್ತಲಿನ ನಲ್ಲಿಯಲ್ಲಿ ಸುಮ್ಮನೆ ಕೈ ತೊಳೆಯುತ್ತಾ ನಿಂತಳು.

ಮುಂದಿನ ಶನಿವಾರ ಅವಳು ಮಧ್ಯಾಹ್ನದಿಂದ ರಜೆ ಹಾಕಿ ಅಂಗಡಿಗೆ ಬಂದಳು. ಈ ಸಲ ಟ್ಯಾಬಿನ ಹತ್ತಿರ ಹೋಗದೆ ಬೆಂಚಿನ ಮೇಲೆ, ಬಡಗಿಗೂ ಬೇಕರಿಯವರಿಗೂ ನಡುವೆ ಜಾಗ ಮಾಡಿಸಿಕೊಂಡು ಕೂತಳು.

"ಏನಮ್ಮಾ, ನಿನಗೂ ಗಡ್ಡ ಬಂತಾ?" ಎಂದರು ಬೇಕರಿಯವರು.

"ಬಂದ್ರೆ ಬರ್ಲಿ, ಸರದಿ ಬಂದಾಗ ತೆಗೆಸ್ಕೊತೀನಿ," ಎಂದಳು ಪುಟ್ಟಿ. ಬೆಂಚು ನಕ್ಕಿತು.

ಅವಳು ಮೂರು ಗಂಟೆ ಅಲ್ಲಿ ಕೂತಳು. ಅಷ್ಟರಲ್ಲಿ ಒಬ್ಬರ ಮಗಳ ಮದುವೆ ನಿಶ್ಚಯವಾದ ಸುದ್ದಿ ಬಂತು. ಒಬ್ಬರ ಮನೆಯ ಸೋರುವ ನಲ್ಲಿಗೆ ನಾಲ್ಕು ಜನ ನಾಲ್ಕು ಮದ್ದು ಹೇಳಿದರು. ಬೆಕ್ಕು ನೀರಲ್ಲಿ ಈಜುತ್ತದೋ ಇಲ್ಲವೋ ಎಂಬ ಬಗ್ಗೆ ಮುಕ್ಕಾಲು ಗಂಟೆ ವಾದ ನಡೆಯಿತು. ಮೂವರಂತೂ ತಮ್ಮ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಟ್ಟರು. "ನೀವು ಹೋಗಿ, ನಂಗೇನು ಅವಸರ, ಈ ಬೆಕ್ಕಿನ ವಿಷಯ ಒಂದು ಮುಗೀಲಿ." ಕಾಯುತ್ತಿದ್ದಾರೆ ಎಂದು ತಾನು ತಿಳಿದವರು ಕಾಯುತ್ತಲೇ ಇರಲಿಲ್ಲ ಎನ್ನುವುದು ಪುಟ್ಟಿಗೆ ಆಗ ಅರ್ಥವಾಯಿತು. ಕಣ್ಣಾಸ್ಪತ್ರೆಯ ಕುರ್ಚಿಗಳೇ ಬೇರೆ, ಈ ಬೆಂಚೇ ಬೇರೆ.

ಅವಳು ಇನ್ನೊಂದನ್ನೂ ಗಮನಿಸಿದಳು. ಬಾಗಿಲಲ್ಲಿ ಆಗಾಗ ಒಂದೊಂದು ತಲೆ ಇಣುಕುತ್ತಿತ್ತು. ಸೈಕಲ್ ರಿಪೇರಿಯವನ ತಲೆ ಬಂದು, "ಪುಟ್ಟಿ ಮಾವ ಬಂದಿಲ್ವಾ? ಹಾಗಾದ್ರೆ ಆಮೇಲೆ ಬರ್ತೀನಿ," ಎಂದು ಮಾಯವಾಯಿತು. ಇನ್ನೊಂದು ತಲೆ ಒಳಗೆಲ್ಲ ಕಣ್ಣಾಡಿಸಿ, "ಓ, ಇದೀರಾ!" ಎಂದು ಖುಷಿಯಿಂದ ಒಳಗೇ ಬಂತು. ಒಂದು ಗಂಟೆಯಲ್ಲಿ ಒಂಬತ್ತು ತಲೆಗಳು. ಎಷ್ಟು ಜನ ಇದ್ದಾರೆ, ಎಷ್ಟು ಹೊತ್ತಾಗುತ್ತೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಯಾರು ಇದ್ದಾರೆ ಎಂಬುದು.

ಹತ್ತನೆಯ ತಲೆ ಚಿತ್ರಕಲೆಯ ಮೇಷ್ಟರದು. ನಿವೃತ್ತರಾಗಿ ಆರು ವರ್ಷವಾಗಿತ್ತು. ಆ ತಲೆಯಲ್ಲಿ ಕೂದಲು ಕಿವಿ ಮುಚ್ಚಿ, ಕತ್ತು ದಾಟಿ, ಕಾಲರಿನ ಮೇಲೆ ಬಿದ್ದಿತ್ತು. ಅವರು ಇಣುಕಿದರು, ಬಡಗಿಯನ್ನು ಕಂಡರು, ಬಿಸಿ ಮುಟ್ಟಿದವರ ಹಾಗೆ ಹಿಂದೆ ಸರಿದರು. ಬಡಗಿ ಅದನ್ನು ನೋಡಿದರೂ ನೋಡದವನಂತೆ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಪರೀಕ್ಷಿಸತೊಡಗಿದ.

"ಏನಿದು?" ಎಂದು ಪುಟ್ಟಿ ಬೇಕರಿಯವರ ಕಿವಿಯಲ್ಲಿ ಕೇಳಿದಳು.

"ನಮ್ ಬೇಕರಿ ಬಾಗಿಲಿನ ಮಹಾತ್ಮೆ," ಎಂದು ಅವರು ಪಿಸುಗುಟ್ಟಿದರು. ಎರಡು ತಿಂಗಳ ಹಿಂದೆ ಬಡಗಿ ಬೇಕರಿಗೆ ಹೊಸ ಬಾಗಿಲು ಮಾಡಿ ಕೂರಿಸಿದ್ದ. ಅದನ್ನು ನೋಡಿದ ಮೇಷ್ಟ್ರು ಇದೇ ಬೆಂಚಿನ ಮೇಲೆ, ಎಲ್ಲರ ಮುಂದೆ, "ಬಾಗಿಲು ಬೆರಳಷ್ಟು ಓರೆ ಇದೆ," ಎಂದಿದ್ದರು. ಮೂವತ್ತು ವರ್ಷ ಬಾಗಿಲು ಕೂರಿಸಿದವನಿಗೆ ಅದು ನಾಟಿತು. "ಪೆನ್ಸಿಲ್ ಹಿಡಿದೋರು ಮರದ ಬಗ್ಗೆ ಮಾತಾಡ್ಬಾರ್ದು," ಎಂದ. ಅಲ್ಲಿಗೆ ಇಪ್ಪತ್ತು ವರ್ಷದ ಸ್ನೇಹದ ಮಾತುಕತೆ ನಿಂತುಹೋಗಿತ್ತು. ಬಡಗಿ ಶನಿವಾರ ಬಿಡುವವನಲ್ಲ, ಮೇಷ್ಟ್ರು ಬೇರೆ ಕಡೆ ತಲೆ ಕೊಡುವವರಲ್ಲ. ಕೂದಲು ಬೆಳೆಯುತ್ತಲೇ ಇತ್ತು.

ಆ ವಾರವೇ ಪುಟ್ಟಿ ಗೆಳತಿಯ ಜೊತೆ ಕೂತು ಆ್ಯಪನ್ನು ಬುಡಮೇಲು ಮಾಡಿದಳು. ಟೋಕನ್ ಒಂದು ಮೂಲೆಗೆ ಸರಿಯಿತು. ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು: ಬೆಂಚಿನ ಮೇಲೆ ಈಗ ಯಾರಿದ್ದಾರೆ? ಅದರ ಕೆಳಗೆ ಹೆಸರುಗಳು. ಗಿರಾಕಿ ಒಳಗೆ ಬಂದಾಗ ಅಪ್ಪ ಟ್ಯಾಬಿನಲ್ಲಿ ಅವರ ಹೆಸರು ಒತ್ತಬೇಕು, ಹೋಗುವಾಗ ತೆಗೆಯಬೇಕು.

"ಇಣುಕಿ ನೋಡೋದಕ್ಕೂ ಒಂದು ಯಂತ್ರಾನಾ?" ಎಂದರು ಅಪ್ಪ. ಆದರೂ ಒತ್ತಿದರು. ಎರಡನೇ ದಿನ ಯಾರೂ ಹೇಳದೆ ಒತ್ತಿದರು. ಮೂರನೇ ದಿನ, ಮೌನಿ ತಪ್ಪು ಹೆಸರು ಒತ್ತಿದಾಗ, "ಅದು ಹಾಗಲ್ಲ, ಕೊಡಿಲ್ಲಿ," ಎಂದು ತಾವೇ ತಿದ್ದಿದರು.

ಪುಟ್ಟಿ ಈ ಸಲ ಯಾರನ್ನೂ ಕೇಳಿಕೊಳ್ಳಲಿಲ್ಲ, ಕೈಮುಗಿಯಲಿಲ್ಲ. ಸೈಕಲ್ ರಿಪೇರಿಯವನು ಮೊದಲು ಹಾಕಿಸಿಕೊಂಡ. ಅವನು ಇಣುಕುವುದನ್ನು ನಿಲ್ಲಿಸಿ ಸರಿಯಾದ ಹೊತ್ತಿಗೆ ಬಂದು ಕೂರುವುದನ್ನು ಕಂಡ ಉಳಿದವರು, "ನಿಂಗೆ ಹೇಗೋ ಗೊತ್ತಾಗುತ್ತೆ?" ಎಂದು ಅವನ ಫೋನಿಗೆ ಮುಗಿಬಿದ್ದರು. ವಾರದೊಳಗೆ ಬೆಂಚಿನ ಎಲ್ಲರ ಫೋನಿನಲ್ಲೂ ಅದು ಬಂತು. ಅಕ್ಷರ ಸಣ್ಣದು ಎಂದು ಯಾರೂ ಹೇಳಲಿಲ್ಲ. ಬೇಕರಿಯವರ ಬೆರಳಿನ ಹಿಟ್ಟೂ ಅಡ್ಡ ಬರಲಿಲ್ಲ.

ಅಡ್ಡ ಬಂದದ್ದು ಬೇಕರಿಯವರ ಹೆಂಡತಿ. ಒಂದು ಮಂಗಳವಾರ ಬೆಳಿಗ್ಗೆ ಬೇಕರಿಯವರು ಮೈದಾ ತರಲು ಗೋದಾಮಿಗೆ ಹೋಗುತ್ತೇನೆಂದು ಹೇಳಿ ಹೊರಟಿದ್ದರು. ಇಸ್ತ್ರಿ ಅಂಗಡಿಯವಳು ಆ ಹೆಂಡತಿಗೆ ತನ್ನ ಫೋನಿನಲ್ಲಿ ಈ ಹೊಸ ಪಟ್ಟಿಯನ್ನು ತೋರಿಸಿದಾಗ, ಬೇಕರಿಯವರ ಹೆಸರು ಒಂದೂಮುಕ್ಕಾಲು ಗಂಟೆಯಿಂದ ಬೆಂಚಿನ ಮೇಲೆ ರಾರಾಜಿಸುತ್ತಿತ್ತು. ಏಪ್ರನ್ ಕೂಡ ಬಿಚ್ಚದೆ ಹೆಂಡತಿ ಕ್ಷೌರದಂಗಡಿಯ ಬಾಗಿಲಿಗೆ ಬಂದರು.

"ಗೋದಾಮು ಯಾವಾಗ ಇಲ್ಲಿಗೆ ಬಂತು ರೀ?"

ಬೇಕರಿಯವರು ಎದ್ದು ಹೆಂಡತಿಯ ಹಿಂದೆ ನಡೆದರು. ಮಾರನೆಯ ದಿನ ಬೆಂಚಿನ ಅರ್ಧ ಜನ ಅಪ್ಪನನ್ನು ಮೂಲೆಗೆ ಕರೆದು, "ನನ್ ಹೆಸ್ರು ಒತ್ಬೇಡಿ ಅಣ್ಣ," ಎಂದರು. ಕಾರಣ ಕೇಳಿದರೆ ಫೋನು ಕೆಟ್ಟಿದೆ ಎಂದರು.

ಪುಟ್ಟಿ ಈಗ ನೆಪ ಯಾವುದು, ಕಾರಣ ಯಾವುದು ಎಂದು ಗುರುತಿಸುವಷ್ಟು ಕಲಿತಿದ್ದಳು. ಫೋನ್ ರಿಪೇರಿಯ ಮಾತೆತ್ತದೆ, ಆ್ಯಪಿಗೆ ಎರಡು ಕಟ್ಟಳೆ ಹಾಕಿದಳು. ಒಂದು, ಅವರವರ ಹೆಸರು ಅವರವರ ಕೈಯಿಂದಲೇ ಬರಬೇಕು, ಅವರ ಕೈಯಿಂದಲೇ ಹೋಗಬೇಕು. ಅಂಗಡಿಯವರು ಮುಟ್ಟುವಂತಿಲ್ಲ. ತೆಗೆಯಲು ಮರೆತು ಹೋದವರದ್ದನ್ನು ಅಂಗಡಿ ಮುಚ್ಚುವಾಗ ಅಳಿಸಬಹುದು, ಅಷ್ಟೇ. ಎರಡು, ಹೆಸರು ನಿಜವೇ ಆಗಿರಬೇಕಾಗಿಲ್ಲ, ಬೆಂಚಿನವರಿಗೆ ಗೊತ್ತಿರುವ ಅಡ್ಡಹೆಸರು ಸಾಕು.

ಅವತ್ತು ಸಂಜೆ ಅಂಗಡಿಯಲ್ಲಿ ಕ್ಷೌರವೇ ನಡೆಯಲಿಲ್ಲ ಎನ್ನಬಹುದು, ಬರೀ ನಾಮಕರಣ. ಬಡಗಿ "ಉಳಿ" ಆದ. ಸದಾ ಸರದಿ ಬಿಟ್ಟುಕೊಡುವ ಸೋದರಮಾವ "ಕೊನೆಯವನು" ಆದರು. ಬೇಕರಿಯವರು ಬಹಳ ಯೋಚಿಸಿ "ಸಿಂಹ" ಎಂದು ಹಾಕಿಕೊಂಡರು. ಹೆಂಡತಿ ಒಂದೇ ದಿನದಲ್ಲಿ ಪತ್ತೆ ಹಚ್ಚಿದರು.

"ಇಷ್ಟು ಜನರಲ್ಲಿ ತಾನು ಸಿಂಹ ಅಂದ್ಕೊಳ್ಳೋರು ನಮ್ಮನೆಯವರೊಬ್ಬರೇ," ಎಂದರು ಆಕೆ ಪುಟ್ಟಿಗೆ. "ಇರ್ಲಿ ಬಿಡು. ಎಲ್ಲಿದಾರೆ ಅಂತ ಗೊತ್ತಿದ್ರೆ ನಂಗೂ ನಿಶ್ಚಿಂತೆ. ಅಲ್ಲಿದೀನಿ ಅಂತ ಹೇಳಿ ಹೋಗಿದ್ರೆ ನಾನೇನು ಬೇಡ ಅಂತಿದ್ನಾ?"

ಹೀಗೆ ಬೆಂಚು ಮತ್ತೆ ತುಂಬಿತು. ಮೇಷ್ಟ್ರೂ ಪಟ್ಟಿಗೆ ಸೇರಿದರು. ಮುಚ್ಚಿಡುವುದೇನಿದೆ ಎಂದು "ಮೇಷ್ಟ್ರು" ಎಂದೇ ಹಾಕಿಕೊಂಡರು. "ಉಳಿ" ಇಲ್ಲದ ಒಂದು ಗುರುವಾರ ಧೈರ್ಯವಾಗಿ ಬಂದು ತಿಂಗಳುಗಟ್ಟಲೆ ಬೆಳೆದ ಕೂದಲನ್ನು ಇಳಿಸಿಕೊಂಡರು. ಅವರು ಹಗುರಾಗಿ ಎದ್ದು ಹೋದದ್ದನ್ನು ನೋಡಿ ಪುಟ್ಟಿಗೆ ತನ್ನ ಕೆಲಸ ಸಾರ್ಥಕ ಎನಿಸಿತು.

ಅಪ್ಪನಿಗೆ ಹಾಗೆನಿಸಲಿಲ್ಲ. ಮೂರು ವಾರ ನೋಡಿ, ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿಬಿಟ್ಟರು.

"ಪುಟ್ಟಿ, ನಿನ್ ಯಂತ್ರ ಜಗಳಾನ ಕಾಪಾಡ್ತಾ ಇದೆ ಕಣೇ."

"ಅಂದ್ರೆ?"

"ಮುಂಚೆ ಆಗಿದ್ರೆ ಯಾವತ್ತೋ ಒಂದು ದಿನ ಮೇಷ್ಟ್ರೂ ಬಡಗೀನೂ ಬಾಗಿಲಲ್ಲಿ ಮುಖಾಮುಖಿ ಆಗ್ತಿದ್ರು. ಬೈಕೋತಿದ್ರು, ಇಲ್ಲಾ ನಗ್ತಿದ್ರು. ಈಗ ನೋಡು, ಇವರು ಬಂದ್ರೆ ಅವನಿಗೆ ಗೊತ್ತು, ಅವನು ಬಂದ್ರೆ ಇವರಿಗೆ ಗೊತ್ತು. ಜಗಳಾನ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೇಲಿಟ್ಟ ಹಾಗಾಗಿದೆ."

"ಅದಕ್ಕೆ ನಾನೇನು ಮಾಡ್ಲಪ್ಪ?" ಎಂದಳು ಪುಟ್ಟಿ.

"ನೀನೇನೂ ಮಾಡ್ಬೇಡ," ಎಂದರು ಅಪ್ಪ. ಆ ಮಾತಿನಲ್ಲಿದ್ದ ನಿರಾಳವನ್ನು ಅವಳು ಆಗಲೇ ಅನುಮಾನಿಸಬೇಕಿತ್ತು.

ಮುಂದಿನ ಶನಿವಾರ ಪುಟ್ಟಿ ಅಂಗಡಿಗೆ ಬಂದಾಗ ಬೆಂಚು ತುಂಬಿತ್ತು, ಆದರೆ ಯಾಕೋ ಎಲ್ಲರೂ ತುಟಿ ಬಿಗಿಹಿಡಿದು ಕೂತಿದ್ದರು. ಅಪ್ಪನ ಕುರ್ಚಿ ಹಿಂದಕ್ಕೆ ಬಾಗಿತ್ತು. ಅದರಲ್ಲಿ ಮಲಗಿದವರ ಮೈ ಬಿಳಿ ಬಟ್ಟೆಯ ಕೆಳಗೆ, ಮುಖ ಹಬೆಯಾಡುವ ಟವಲಿನ ಕೆಳಗೆ. "ಗಡ್ಡ ಒರಟಾಗಿದೆ, ಹತ್ತು ನಿಮಿಷ ಬಿಸಿಯಲ್ಲಿ ನೆನೀಲಿ, ಅಲ್ಲಾಡ್ಬೇಡ," ಎಂದು ಅಪ್ಪ ಹೇಳುತ್ತಿದ್ದರು. ಟವಲಿನೊಳಗಿಂದ ಬಂದ "ಊಂ" ಬಡಗಿಯದು.

ಪುಟ್ಟಿ ಟ್ಯಾಬ್ ನೋಡಿದಳು. ಸಿಂಹ ಇತ್ತು, ಕೊನೆಯವನು ಇತ್ತು. ಉಳಿ ಇರಲಿಲ್ಲ. ಮರೆತನೇನೋ ಎಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಕನ್ನಡಿಯಲ್ಲಿ ಅಪ್ಪನ ಕಣ್ಣು ಅವಳ ಕಣ್ಣನ್ನು ಹಿಡಿಯಿತು. ಸುಮ್ಮನಿರು ಎಂದಿತು ಆ ಕಣ್ಣು. ಅಷ್ಟರಲ್ಲಿ ಮೇಷ್ಟ್ರು ಒಳಗೆ ಬಂದರು.

"ಏನು, ಇವತ್ತು ನಮ್ ಬಡಗಿ ಬೇಗ ಹೋದ ಹಾಗಿದೆ," ಎನ್ನುತ್ತಾ ಅವರು ಬೆಂಚಿನ ನಡುವೆ ಕೂತರು. ಉತ್ತರ ಕೊಡಬೇಕಾದವರೆಲ್ಲ ಕೆಮ್ಮಿದರು. ಬೇಕರಿಯವರು ದಿನಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದರು.

"ಯಾಕ್ ಮೇಷ್ಟ್ರೇ, ಅವನಿದ್ದಿದ್ರೆ ಏನಾಗ್ತಿತ್ತು?" ಎಂದರು ಅಪ್ಪ, ರೇಜರಿಗೆ ಹೊಸ ಬ್ಲೇಡು ಹಾಕುತ್ತಾ.

ಮೇಷ್ಟ್ರು ಕುರ್ಚಿಯ ಕಡೆ ನೋಡಿದರು, ನೆಲ ನೋಡಿದರು, ಮೊಣಕಾಲು ಸವರಿಕೊಂಡರು. "ಏನಾಗ್ತಿತ್ತು? ಒಂದು ಮಾತು ಹೇಳ್ತಿದ್ದೆ. ಹೋದ ವಾರ ಬೇಕರಿ ಬಾಗಿಲು ಅಳತೆ ಮಾಡಿದೆ. ತೂಕದ ದಾರ ಇಳಿಬಿಟ್ಟು, ಮೂಲೆಮಟ್ಟ ಇಟ್ಟು ನೋಡಿದೆ. ಬಾಗಿಲು ಕೂದಲೆಳೆಯಷ್ಟೂ ಓರೆ ಇಲ್ಲ. ಓರೆ ಇರೋದು ಗೋಡೆ. ಅಷ್ಟು ಸೊಟ್ಟ ಗೋಡೆಗೆ ಅಷ್ಟು ನೆಟ್ಟಗೆ ಬಾಗಿಲು ಕೂರಿಸ್ಬೇಕಾದ್ರೆ ಕೈಯಲ್ಲಿ ಎಂಥ ಕಸುಬಿರ್ಬೇಕು! ನಾನು ಗೋಡೆ ನೋಡಿ ಬಾಗಿಲಿಗೆ ಬೈದೆ."

ಟವಲು ಹಾರಿ ಕನ್ನಡಿಗೆ ಬಡಿಯಿತು. ಕೆಂಪಗೆ ಬೆಂದ ಮುಖದ ಬಡಗಿ ಬಿಳಿ ಬಟ್ಟೆಯ ಸಮೇತ ಎದ್ದು ನಿಂತ. "ಹೇಳ್ಲಿಲ್ವಾ ನಾನು! ಅವತ್ತೇ ಹೇಳ್ಲಿಲ್ವಾ!"

"ಎಲ್ಲಿ ಹೇಳ್ದೆ? ಪೆನ್ಸಿಲ್ ಗಿನ್ಸಿಲ್ ಅಂತ ಏನೇನೋ ಕೂಗಾಡ್ದೆ ಅಷ್ಟೇ!" ಎಂದು ಮೇಷ್ಟ್ರೂ ಎದ್ದರು.

"ನೀವು ಹೇಳೋಕೆ ಬಿಟ್ರಲ್ವಾ ಮೇಷ್ಟ್ರೇ?"

ಇಬ್ಬರೂ ಎರಡು ನಿಮಿಷ ಒಬ್ಬರ ಮೇಲೊಬ್ಬರು ಕೂಗಾಡಿದರು. ಮೂರನೇ ನಿಮಿಷಕ್ಕೆ ಇಬ್ಬರೂ ಸೇರಿ ಬೇಕರಿಯವರ ಮೇಲೆ ತಿರುಗಿದರು. ಅಷ್ಟು ಸೊಟ್ಟ ಗೋಡೆ ಕಟ್ಟಿದ ಪುಣ್ಯಾತ್ಮ ಯಾರು ಎಂದು ವಿಚಾರಣೆ ಶುರುವಾಯಿತು. ಸಿಂಹ ಪತ್ರಿಕೆಯ ಹಿಂದೆ ಅಡಗಿತು. ಮೌನಿ ತಮ್ಮ ಕುರ್ಚಿಯವರ ಕಿವಿಯ ಹತ್ತಿರ ಕತ್ತರಿ ನಿಲ್ಲಿಸಿ ನಕ್ಕರು. ಅವರ ನಗುವಿಗೂ ಸದ್ದಿದೆ ಎಂದು ಎಲ್ಲರಿಗೂ ಅವತ್ತೇ ಗೊತ್ತಾದದ್ದು.

ಎಲ್ಲರೂ ಹೋದ ಮೇಲೆ ಪುಟ್ಟಿ ಅಂಗಡಿಯ ಕೂದಲು ಗುಡಿಸುತ್ತಾ, "ಅಪ್ಪಾ, ಉಳೀನ ಅಳಿಸಿದ್ದು ನೀವೇ ತಾನೇ?" ಎಂದಳು.

"ಒಳ್ಳೇದಕ್ಕಲ್ವೇನೇ?"

"ಒಳ್ಳೇದೇ ಆಯ್ತು. ನಂಗೂ ಸಂತೋಷಾನೇ. ಆದ್ರೆ ಪಟ್ಟೀನ ನೀವು ಇಷ್ಟ ಬಂದ ಹಾಗೆ ತಿದ್ದಬಹುದು ಅಂತ ಗೊತ್ತಾದ್ರೆ ನಾಳೆಯಿಂದ ಯಾರು ನಂಬ್ತಾರೆ? ಅವತ್ತು ಫೋನ್ ಕೆಟ್ಟಿದೆ ಅಂತ ಅರ್ಧ ಜನ ಹೋದ್ರಲ್ಲ, ನೆನಪಿಲ್ವಾ? ಒಂದ್ಸಲ ನಂಬಿಕೆ ಹೋದ್ರೆ ನಾನು ಅಕ್ಷರ ಎಷ್ಟು ದೊಡ್ಡದು ಮಾಡಿದ್ರೂ ಬರಲ್ಲ ಅವರು."

ಅಪ್ಪ ಒರೆಸಿದ ಕುರ್ಚಿಯ ಕೈಯನ್ನೇ ಮತ್ತೆ ಒರೆಸಿದರು. ನಲವತ್ತು ವರ್ಷ ಜನರ ಕತ್ತಿನ ಮೇಲೆ ಕತ್ತಿ ಹಿಡಿದ ಮನುಷ್ಯನಿಗೆ ನಂಬಿಕೆಯ ಬಗ್ಗೆ ಮಗಳಿಂದ ಪಾಠ ಹೇಳಿಸಿಕೊಳ್ಳಬೇಕಾಯಿತಲ್ಲ ಎನಿಸಿರಬೇಕು. ಆದರೆ ಅವಳ ಮಾತು ಸರಿ ಎಂದೂ ಅವರಿಗೆ ಗೊತ್ತಿತ್ತು.

ಮುಂದಿನ ಶನಿವಾರ ಬೆಂಚು ತುಂಬಿದ ಹೊತ್ತು ನೋಡಿ ಅಪ್ಪ ಕತ್ತರಿ ಕೆಳಗಿಟ್ಟರು. "ನಿಮ್ಮೆಲ್ಲರ ಮುಂದೆ ಒಂದು ಮಾತು ಹೇಳ್ಬೇಕು. ಹೋದ ವಾರ ಬಡಗಿ ಹೆಸರು ತಾನಾಗಿ ಹೋಗ್ಲಿಲ್ಲ, ನಾನೇ ಅಳಿಸಿದ್ದು. ಅವರವರ ಹೆಸರು ಅವರವರದ್ದೇ ಅಂತ ಮಾತಾಗಿತ್ತು. ಮಾತು ಮುರಿದೆ, ನಂದು ತಪ್ಪಾಯ್ತು. ಇನ್ನೊಂದ್ಸಲ ಹಾಗೆ ಮಾಡಲ್ಲ. ಮೇಷ್ಟ್ರೇ, ಮುಖ್ಯವಾಗಿ ನಿಮ್ಮ ಹತ್ರ ಕ್ಷಮೆ ಕೇಳ್ಕೊಬೇಕು, ಮೋಸ ಮಾಡಿ ಕರೆಸ್ಕೊಂಡೆ."

ಮೇಷ್ಟ್ರು ಬಡಗಿಯ ಪಕ್ಕದಲ್ಲೇ ಕೂತಿದ್ದರು. ಅವರು ನಿಧಾನವಾಗಿ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು.

"ಪಟ್ಟಿ ನೋಡಿ ಬಂದೆ, ಅದು ನಿಜ. ಆದ್ರೆ ಮೋಸ ಹೋಗ್ಲಿಲ್ಲಪ್ಪ ನಾನು," ಎಂದರು.

"ಅಂದ್ರೆ?"

"ಮೂವತ್ತೈದು ವರ್ಷ ಮಕ್ಕಳಿಗೆ ಕೈಕಾಲು ಬರೆಯೋದು ಕಲಿಸಿದೋನು ನಾನು. ಮುಖ ಮುಚ್ಚಿದ್ರಿ, ಮೈ ಮುಚ್ಚಿದ್ರಿ. ಬಟ್ಟೆ ಕೆಳಗಿಂದ ಕಾಲು ಹೊರಗೇ ಇತ್ತಲ್ಲ! ಬಲಗಾಲಿನ ಹೆಬ್ಬೆರಳು ಇಷ್ಟು ಚಪ್ಪಟೆಯಾಗಿ ಆಚೆ ತಿರುಗಿರೋದು ಈ ಬೀದಿಯಲ್ಲಿ ಬೇರೆ ಯಾರಿಗಿದೆ?"

ಬೆಂಚಿನ ಉಳಿದವರೆಲ್ಲ ಒಟ್ಟಿಗೆ ಬಗ್ಗಿ ಬಡಗಿಯ ಕಾಲು ನೋಡಿದರು. ಬಡಗಿ ಗಾಬರಿಯಿಂದ ಎರಡೂ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡ. "ಅಂದ್ರೆ ಮೇಷ್ಟ್ರೇ, ಅಷ್ಟೂ ಮಾತು ನಾನು ಕೇಳಿಸ್ಕೊತಿದೀನಿ ಅಂತ ಗೊತ್ತಿದ್ದೇ ಹೇಳಿದ್ರಾ?"

"ಮತ್ತೆ? ನಿನ್ ಮುಖ ನೋಡ್ಕೊಂಡು ಹೇಳೋಕೆ ನಾಚಿಕೆ ಆಗ್ತಿತ್ತು ಕಣಯ್ಯ. ಟವಲ್ ಇತ್ತು, ಹೇಳಿಬಿಟ್ಟೆ."

ಅಪ್ಪ ಮಗಳ ಕಡೆ ನೋಡಿದರು. ಪುಟ್ಟಿ ನಗು ತಡೆಯಲಾಗದೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸೋದರಮಾವ ಎದ್ದು ಕುರ್ಚಿ ಹತ್ತಲು ಹೋದವರು ನಿಂತು, "ನನ್ ಸರದಿ ಬೇರೆಯವ್ರಿಗೆ ಕೊಡಿ, ಈ ಹೆಬ್ಬೆರಳು ಹೀಗಾಗಿದ್ದು ಹೇಗೆ ಅಂತ ಕೇಳ್ಬೇಕು," ಎಂದು ಮತ್ತೆ ಕೂತರು. ಬಡಗಿ ಕಾಲು ಹೊರಗೆ ಚಾಚಿ, ಗಂಟಲು ಸರಿಮಾಡಿಕೊಂಡು, ತೇಗದ ಹಲಗೆಯೊಂದು ಕಾಲ ಮೇಲೆ ಬಿದ್ದ ಕಥೆಯನ್ನು ಶುರುಮಾಡಿದ.